ಸತ್ಯಾಂಶ: ಮ್ಯಾಪಲ್ಲಿರೋ ಕಂದು ಗೆರೆ ಭೂಸ್ವಾಧೀನದ್ದಲ್ಲ

ಮಂಡ್ಯ ಕಡೆ ಗ್ರೂಪುಗಳಲ್ಲಿ ಒಂದು ಮ್ಯಾಪ್ ಫೋಟೋ ಓಡಾಡ್ತಿದೆ, "ಕಂದು ಗೆರೆ ಹೋಗಿರೋ ಹೊಲಗಳನ್ನೆಲ್ಲ ಸರ್ಕಾರ ತಗೊಳ್ಳುತ್ತೆ, ಬೇಗ ಶೇರ್ ಮಾಡಿ" ಅಂತ. ಹಂಗೇನೂ ಇಲ್ಲ.

ಅದು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ನೆಲದ ಏರಿಳಿತ ತೋರಿಸೋ ಮ್ಯಾಪ್), ಆ ಗೆರೆಗಳಿಗೆ ಕಾಂಟೂರ್ ಅಂತಾರೆ, ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರೋ ಜಾಗಗಳನ್ನ ಸೇರಿಸಿ ಎಳೆದಿರೋದು ಅಷ್ಟೆ. ಗೆರೆ ಒತ್ತೊತ್ತಾಗಿದ್ರೆ ಇಳಿಜಾರು ಜಾಸ್ತಿ, ದೂರ ದೂರ ಇದ್ರೆ ನೆಲ ಮಟ್ಟಸ. ನಮ್ಮ ವಿಸಿ (ವಿಶ್ವೇಶ್ವರಯ್ಯ) ನಾಲೆ ನೇರ ಹೋಗದೆ ಸುತ್ತಿ ಬಳಸಿ ಹೋಗೋದೂ ಇದೇ ಲೆಕ್ಕದ ಮೇಲೆ, ಎತ್ತರ ಬಿಟ್ಕೊಡದೆ ಸ್ವಲ್ಪ ಸ್ವಲ್ಪವೇ ಇಳೀತಾ ಹೋದ್ರೆ ತಾನೇ ಕೆಳಗಿನ ಗದ್ದೆಗೆ ಪಂಪಿಲ್ದೆ ನೀರು ಹರಿಯೋದು (ನಾಲೆ ಮೇಲ್ಗಡೆ ಹೊಲ ಇರೋರಿಗೆ ನೀರು ಮೇಲಕ್ಕೆ ಹತ್ತದ ಸಂಕಟ ಬಿಡಿಸಿ ಹೇಳ್ಬೇಕಾಗಿಲ್ಲ).

ಇನ್ನೊಂದು, 1:50,000 ಸ್ಕೇಲಿನ ಶೀಟಲ್ಲಿ 1 ಮಿಲಿಮೀಟರ್ ಅಂದ್ರೆ ನೆಲದ ಮೇಲೆ 50 ಮೀಟರ್. ಒಂದು ಗುಂಟೆ, ಅಂದ್ರೆ 33 ಅಡಿಗೆ 33 ಅಡಿ, ಅದ್ರಲ್ಲಿ ಪೆನ್ಸಿಲ್ ಚುಕ್ಕಿಗಿಂತ ಚಿಕ್ಕದು! ಸರ್ವೆ ನಂಬರೂ ಇರಲ್ಲ, ಮಾಲೀಕರ ಹೆಸರೂ ಇರಲ್ಲ. ವಿಸ್ತೀರ್ಣಕ್ಕೆ ಪಹಣಿ ನೋಡಿ, ಗಡಿ ಡೌಟಿದ್ರೆ ಹದ್ದುಬಸ್ತಿಗೆ (ಸರ್ವೆಯವರು ಬಂದು ಗಡಿ ಅಳೆದು ಗುರುತು ಮಾಡೋದು) ಅರ್ಜಿ ಹಾಕಿ. ನಿಜವಾಗ್ಲೂ ಭೂಸ್ವಾಧೀನ ಆಗೋದಾದ್ರೆ ಸರ್ವೆ ನಂಬರ್ ಸಮೇತ ನೋಟಿಫಿಕೇಷನ್ ಗೆಜೆಟ್‌ನಲ್ಲಿ, ಪೇಪರಲ್ಲಿ ಬರ್ಬೇಕು, ಪಂಚಾಯ್ತಿ ಆಫೀಸಲ್ಲೂ ಹಾಕ್ಬೇಕು.