ಎಂಟೂವರೆ ಸುತ್ತು

ಹಳೆಯ ರಿಮೋಟ್ ಕಾರಿನ ಮೊದಲ ಸ್ಕ್ರೂ ಬಿಚ್ಚುವಾಗಲೇ ಅದರ ತಲೆ ಸವೆದು ಬಟ್ಟಲಾಯಿತು. ಜಪಾನಿನ ಸ್ಕ್ರೂಗಳ ತಲೆಯ ಮೇಲಿನ ಕೂಡು ಗುರುತು ನೋಡಲು ನಮ್ಮ ಮಾಮೂಲಿ ಸ್ಕ್ರೂಗಳಂತೆಯೇ ಇದ್ದರೂ ಒಳಗಿನ ಅಳತೆ ಬೇರೆ. ಅದಕ್ಕೆಂದೇ ಮಾಡಿದ ಸ್ಕ್ರೂಡ್ರೈವರ್ ಬೇಕು. ಈ ಜ್ಞಾನೋದಯವಾಗುವಷ್ಟರಲ್ಲಿ ನಾನು ಆರು ಸ್ಕ್ರೂಗಳನ್ನು ಬೋಳು ಮಾಡಿದ್ದೆ.

ಅಟ್ಟದ ಮೇಲೆ ಸಿಕ್ಕ ನನ್ನ ಬಾಲ್ಯದ ರಿಮೋಟ್ ಕಾರು ಅದು. 1984ರಲ್ಲಿ ಮಾರುಕಟ್ಟೆಗೆ ಬಂದ, ಜಪಾನಿನ ಟಮಿಯಾ ಕಂಪನಿಯ ಹಾರ್ನೆಟ್. ಒರೆಸಿ ಕಪಾಟಿನಲ್ಲಿ ಇಟ್ಟಿದ್ದರೆ ನನಗೂ ಅದಕ್ಕೂ ಕ್ಷೇಮವಿತ್ತು. ಆದರೆ ಇರಲಾರದೆ ಇರುವೆ ಬಿಟ್ಟುಕೊಂಡವನ ಹಾಗೆ, ಅದನ್ನು ಹಳೆಯ ಕಾರುಗಳ ರೇಸಿನಲ್ಲಿ ಓಡಿಸುತ್ತೇನೆಂದು ಮನೆಯಲ್ಲಿ ಘೋಷಿಸಿಬಿಟ್ಟೆ.

ಪೆಟ್ಟಿಗೆಯ ತಳದಲ್ಲಿ ಚಾಲಕನ ರುಂಡ ಬೇರೆಯಾಗಿ ಉರುಳಾಡುತ್ತಿತ್ತು. ಸುಲಭದ ಕೆಲಸ ಮೊದಲು ಮುಗಿಯಲಿ ಎಂದು ಕ್ಷಣದಲ್ಲಿ ಹಿಡಿಯುವ ಅಂಟು ಹಾಕಿ ರುಂಡವನ್ನು ಕೂರಿಸಿದೆ. ಧೂಳು ತಾಗಬಾರದೆಂದು ಹೊಸದಾಗಿ ಬಣ್ಣ ಬಳಿದ ಪಾರದರ್ಶಕ ಕವಚವನ್ನೂ ಮೇಲೆ ಮುಚ್ಚಿಟ್ಟೆ. ಆ ಅಂಟು ಒಣಗುವಾಗ ಬಿಡುವ ಆವಿ ಹತ್ತಿರದ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯಾಗಿ ಕೂರುತ್ತದೆಯಂತೆ. ಬೆಳಗ್ಗೆ ನೋಡಿದರೆ ಕಾರಿನ ಗಾಜುಗಳೆಲ್ಲ ಮಂಜುಮಂಜು. ಹೆಂಡತಿ ಬಗ್ಗಿ ನೋಡಿ, "ನಿಮ್ಮ ಡ್ರೈವರಿಗೆ ಕಣ್ಣಿನ ಪೊರೆ ಬಂದಿದೆಯಲ್ಲ ರೀ, ರೇಸಿಗೆ ಬಿಡುತ್ತಾರೆಯೇ?" ಎಂದು ಕೇಳಿದಳು. ಕವಚದ ಬಣ್ಣದ ಕಥೆ ಹೇಳುವುದೇ ಬೇಡ. ಇಂಥ ಕವಚಕ್ಕೆ ಬಣ್ಣವನ್ನು ಒಳಗಿನಿಂದ ಬಳಿಯಬೇಕು. ನಾನೂ ಒಳಗಿನಿಂದಲೇ ಬಳಿದಿದ್ದೆ, ರೇಸಿನ ಸಂಖ್ಯೆಯನ್ನೂ ಒಳಗಿನಿಂದಲೇ ಬರೆದಿದ್ದೆ. ಹೊರಗಿನಿಂದ ಓದಲು ಕನ್ನಡಿ ಬೇಕಾಗಿತ್ತು.

ಇನ್ನು ಮೋಟಾರು. ಹಳೆಯ ಮೋಟಾರಿನೊಳಗೆ ತಾಮ್ರದ ತಂತಿಯ ಇಪ್ಪತ್ತೇಳು ಸುತ್ತುಗಳಿದ್ದವು. ಹೊಸ ಬ್ರಷ್‌ಲೆಸ್ ಮೋಟಾರುಗಳ ಪಟ್ಟಿಯಲ್ಲಿ 21.5, 17.5, 13.5, 8.5 ಎಂದು ಸುತ್ತಿನ ಸಂಖ್ಯೆಗಳಿದ್ದವು. ಮುದಿ ಕಾರಿಗೆ ಆಯಾಸವಾಗಬಾರದೆಂಬ ಕರುಣೆಯಿಂದ ಎಲ್ಲಕ್ಕಿಂತ ಸಣ್ಣ ಸಂಖ್ಯೆಯದನ್ನೇ ಆರಿಸಿದೆ. ಸುತ್ತು ಕಡಿಮೆಯಾದಷ್ಟೂ ಮೋಟಾರಿನ ವೇಗ ಹೆಚ್ಚುತ್ತದೆ ಎಂಬುದು ನನಗೆ ಓದಿ ತಿಳಿಯಲಿಲ್ಲ. ಹಜಾರದಲ್ಲಿ ರಿಮೋಟಿನ ಟ್ರಿಗರನ್ನು ಒಂದು ನೂಲಿನಷ್ಟು ಎಳೆದೆ, ಕಾರು ಮುಂಗಾಲೆತ್ತಿ ನಿಂತು, ಬೆನ್ನ ಮೇಲೆ ಬಿದ್ದು, ಹಾಗೆಯೇ ಜಾರುತ್ತಾ ಹೋಗಿ ಸೋಫಾದ ಕೆಳಗೆ ಸೇರಿಕೊಂಡಿತು. ಆಗ ತಿಳಿಯಿತು.

ವಾಪಸು ಮಾಡುವ ಅವಧಿ ಮುಗಿದಿತ್ತು. ಅಲ್ಲಿಂದ ಶುರುವಾಯಿತು ನೋಡಿ, ದೋಷಗಳ ವರ್ಗಾವಣೆ. ಕಾರಿನ ದೋಷವೂ ಸರ್ಕಾರಿ ನೌಕರನಂತೆ: ಎಷ್ಟೇ ದೂರು ಕೊಟ್ಟರೂ ಮನೆಗೆ ಹೋಗುವುದಿಲ್ಲ, ಪಕ್ಕದ ವಿಭಾಗಕ್ಕೆ ಹೋಗುತ್ತದೆ. ಮೋಟಾರಿನ ರಭಸಕ್ಕೆ ಅದರ ತುದಿಯ ಪುಟ್ಟ ಹಲ್ಲುಚಕ್ರ, ಅಂದರೆ ಪಿನಿಯನ್ ಗೇರ್, ಸಡಿಲವಾಗಿ, ಮೋಟಾರು ಕಿರುಚಿದರೂ ಕಾರು ಕದಲಲಿಲ್ಲ. ಪಿನಿಯನ್ನಿನ ಪುಟ್ಟ ಸ್ಕ್ರೂಗೆ ಅಂಟುದ್ರವ ಹಾಕಿ ಬಿಗಿದೆ. ಈಗ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲುಗಳು ಉದುರಿದವು. ಆರು ವರ್ಷದ ಮಗಳಿಗೂ ಅದೇ ವಾರ ಮುಂದಿನ ಹಲ್ಲು ಬಿದ್ದಿತ್ತು. ಅವಳಿಗೆ ಹೊಸದು ಬಿಟ್ಟಿಯಾಗಿ ಬರುತ್ತದೆ. ಹೊಸ ಗೇರ್ ಹಾಕಿದ ಮೇಲೆ, ವರ್ಷಾನುಗಟ್ಟಲೆ ಮಲಗಿ ಕಲ್ಲಾಗಿದ್ದ ಟೈರುಗಳು ನೆಲವನ್ನು ಹಿಡಿಯಲಿಲ್ಲ. ಹೊಸ ಟೈರು ನೆಲ ಹಿಡಿದ ಮೊದಲ ದಿನವೇ, ವಯಸ್ಸಾಗಿ ಹಪ್ಪಳದಂತಾಗಿದ್ದ ಚಾಸಿಯ, ಅಂದರೆ ತಳದ ಚೌಕಟ್ಟಿನ, ಮೂಗು ಚಟ್ಟೆಂದು ಮುರಿಯಿತು. ಈ ನಡುವೆ ಬಿಡಿಭಾಗಗಳನ್ನು ಹಿಡಿದಿಡುವ, ಇಂಗ್ಲಿಷಿನ 'E' ಆಕಾರದ ಪುಟ್ಟ ಕ್ಲಿಪ್ಪುಗಳು ಒಂದೊಂದಾಗಿ ಸಿಡಿದು ಹೋಗಿದ್ದವು. ಅವುಗಳನ್ನು ಹುಡುಕುವ ಸುಲಭೋಪಾಯವೆಂದರೆ ಬರಿಗಾಲಲ್ಲಿ ಕತ್ತಲೆಯಲ್ಲಿ ನಡೆಯುವುದು.

ರೇಸಿನ ದಿನ ಪೊರೆಗಣ್ಣಿನ ಚಾಲಕ ಆರಂಭದ ಗೆರೆಯಲ್ಲಿ ಕುಳಿತ. ನಾವೆಲ್ಲ ಎತ್ತರದ ಕಟ್ಟೆಯ ಮೇಲೆ ರಿಮೋಟ್ ಹಿಡಿದು ನಿಂತೆವು. ಮೊದಲ ನೇರದಾರಿಯಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ, ನಿಜವಾಗಿಯೂ. ತಿರುವು ದಾಟಿ ಕಾರು ನನ್ನ ಕಡೆಗೆ ಮುಖ ಮಾಡಿತು. ಕಾರು ಎದುರಿಗೆ ಬರುವಾಗ ಅದರ ಬಲ ನಮಗೆ ಎಡವಾಗುತ್ತದೆ ಎಂಬುದು ನನಗೆ ಗೊತ್ತಿತ್ತು, ನನ್ನ ಬೆರಳುಗಳಿಗೆ ಗೊತ್ತಿರಲಿಲ್ಲ. ಹಲಗೆಯ ತಡೆಗೋಡೆಗೆ ಬಡಿದು ಕವಚ ಒಂದು ಕಡೆ, ರುಂಡ ಇನ್ನೊಂದು ಕಡೆ ಹಾರಿದವು. ಅಂಟು ಗಾಜಿಗೆ ಹಿಡಿದಷ್ಟು ಚೆನ್ನಾಗಿ ಕುತ್ತಿಗೆಗೆ ಹಿಡಿದಿರಲಿಲ್ಲ.

ಆದರೆ ರೇಸಿನವರಲ್ಲಿ ಒಂದು ಕಟ್ಟಳೆಯಿದೆ. ತನ್ನ ಸರದಿ ಮುಗಿಸಿದವನು ಮುಂದಿನ ಸರದಿಗೆ ಮಾರ್ಷಲ್ ಆಗಿ ಟ್ರ್ಯಾಕಿನಲ್ಲಿ ನಿಂತು, ಮಗುಚಿದ ಕಾರುಗಳನ್ನು ಓಡಿ ಎತ್ತಿ ನಿಲ್ಲಿಸಬೇಕು. ರುಂಡವನ್ನು ಜೇಬಿಗೆ ಹಾಕಿಕೊಂಡು ನಾನೂ ಇಳಿದೆ. ನನಗೆ ಒಪ್ಪಿಸಿದ ತಿರುವು ಬಿಟ್ಟು ಎಲ್ಲರ ತಿರುವಿಗೂ ಓಡಿದೆನೆಂದು ಆಮೇಲೆ ಬೈಸಿಕೊಂಡೆ.

ಮನೆಗೆ ಬಂದ ಮೇಲೆ ಹೆಂಡತಿ, "ಎಷ್ಟು ಸುತ್ತು ಓಡಿತು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಗಳು ಹಲ್ಲಿಲ್ಲದ ಬಾಯಿಯಲ್ಲಿ ಲೆಕ್ಕ ಒಪ್ಪಿಸಿದಳು: "ಕಾರು ಅರ್ಧ, ಅಪ್ಪ ಎಂಟು."