ಓದುಗರು ಊಹಿಸಿದ್ದಕ್ಕೆ ಮಾರ್ಟಿನ್ ಕಥೆಯ ಕೊನೆ ಬದಲಾಯಿಸಿದರಾ?

‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಅನ್ನೋ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿಯ ಕೊನೆಯನ್ನು ಓದುಗರು ಮೊದಲೇ ಊಹಿಸಿಬಿಟ್ಟರು, ಅದಕ್ಕೇ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಕಥೆ ತಿರುಗಿಸಿ ಬರೆಯುತ್ತಿದ್ದಾರೆ ಅನ್ನೋ ಮಾತು ಓಡಾಡುತ್ತಿದೆ. ಇದರಲ್ಲಿ ಅರ್ಧ ಮಾತ್ರ ನಿಜ.

ಊಹಿಸಿದ್ದು ಹೌದು. ಒಬ್ಬಿಬ್ಬರು ಓದುಗರು ಸುಳಿವುಗಳನ್ನು ಜೋಡಿಸಿ ಸರಿಯುತ್ತರಕ್ಕೆ ಬಂದಿದ್ದಾರೆ ಅಂತ 2014ರ ಎಡಿನ್‌ಬರೋ ಪುಸ್ತಕೋತ್ಸವದಲ್ಲಿ ಮಾರ್ಟಿನ್ ಅವರೇ ಹೇಳಿದರು. ಬದಲಾಯಿಸಲಾ ಅಂತ ಯೋಚಿಸಿದ್ದೂ ಉಂಟು. ಆದರೆ ಬೇಡ ಅಂತ ತೀರ್ಮಾನಿಸಿದರು. ಬದಲಾಯಿಸಿದರೆ ಮೊದಲೇ ಹಾಕಿಟ್ಟ ಸುಳಿವೆಲ್ಲ ದಂಡ, ಅಲ್ವಾ?

ಉದಾಹರಣೆಗೆ, ನೆಡ್ ಅನ್ನೋ ಸರದಾರನ ಅಕ್ರಮ ಮಗ ಅಂತಲೇ ಬೆಳೆದ ಜಾನ್ ಸ್ನೋ ಹುಟ್ಟಿನ ಗುಟ್ಟನ್ನೇ ನೋಡಿ. 1996ರ ಮೊದಲ ಪುಸ್ತಕದಲ್ಲಿ ಸಾಯುತ್ತಿರುವ ಲಿಯಾನಾ ಅಣ್ಣ ನೆಡ್‌ನಿಂದ ಮಾತು ತಗೊಳ್ಳುತ್ತಾಳೆ. ಏನು ಮಾತು ಅಂತ ಹೇಳೋದಿಲ್ಲ. ರಾಜಕುಮಾರ ರೇಗರ್ ಅವಳಿಗೆ ಕೊಟ್ಟಿದ್ದು ನೀಲಿ ಗುಲಾಬಿಯ ಕಿರೀಟ. 1998ರ ಎರಡನೇ ಪುಸ್ತಕದಲ್ಲಿ ರೇಗರ್‌ನ ತಂಗಿ ಡೆನೇರಿಸ್‌ಗೆ ಕಾಣುವ ದರ್ಶನದಲ್ಲಿ ಮಂಜುಗಡ್ಡೆ ಗೋಡೆಯ ಬಿರುಕಿನಲ್ಲಿ ಒಂದು ನೀಲಿ ಹೂ ಅರಳಿರುತ್ತದೆ. ಜಾನ್ ಇರೋದೂ ಅಂಥದೇ ಗೋಡೆಯ ಮೇಲೆ! ಅವನು ಲಿಯಾನಾ–ರೇಗರ್ ಮಗ ಅಂತ ಓದುಗರು ಆಗಲೇ ಲೆಕ್ಕ ಹಾಕಿದ್ದರು. ಈ ಪುಸ್ತಕಗಳನ್ನು ಆಧರಿಸಿದ ಟಿವಿ ಧಾರಾವಾಹಿ ‘ಗೇಮ್ ಆಫ್ ಥ್ರೋನ್ಸ್’ ಅದನ್ನು ತೋರಿಸಿದ್ದು 2016–17ರಲ್ಲಿ. ಈ ಹೂವನ್ನು ಈಗ ಸುಮ್ನೆ ಕಿತ್ತು ಬಿಸಾಡೋಕೆ ಆಗುತ್ತಾ?

ಇನ್ನು, 2019ರಲ್ಲಿ ಮುಗಿದ ಧಾರಾವಾಹಿಯ ಕೊನೆಯೇ ಪುಸ್ತಕದ ಕೊನೆ ಅನ್ನೋದೂ ತಪ್ಪು. ಕೆಲವು ಹೊಂದುತ್ತವೆ, ಕೆಲವು ಹೊಂದುವುದಿಲ್ಲ ಅಂತ ಮಾರ್ಟಿನ್ ಹೇಳಿದ್ದಾರೆ. 2011ರ ಐದನೇ ಪುಸ್ತಕದ ಮುಂದಿನದ್ದಕ್ಕೆ ನಾವೆಲ್ಲ ಕಾಯುತ್ತಲೇ ಇದ್ದೇವೆ.