ಡಿಕ್ಕಿಯಲ್ಲಿ ಸೋಡಾ

ವಿಸ್ಕಿಗೆ ಯಾರು ಏನು ಬೇಕಾದರೂ ಬೆರೆಸಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಆದರೆ ನಾನು ಬೆರೆಸಿ ಕೊಟ್ಟ ಮೇಲೆ ಅದಕ್ಕೆ ಇನ್ನೊಂದು ಸಲ ಬೆರೆಸಿಕೊಳ್ಳುತ್ತಾರಲ್ಲ, ಆಗ ಹೊಟ್ಟೆ ಉರಿಯುತ್ತದೆ. ಮೊನ್ನೆ ಶುರುವಾದ ಉರಿ ಇನ್ನೂ ಆರಿಲ್ಲ.

ಕಾಫಿ ಕುಯ್ಲಿನ ಹೊತ್ತಿಗೆ ಚಿಕ್ಕಮಗಳೂರಿನಲ್ಲಿ ತೋಟದವರಿಗೆ ಆಳುಗಳ ಚಿಂತೆ, ನಮ್ಮಂಥ ಊರೊಳಗಿನವರಿಗೆ ನೆಂಟರ ಚಿಂತೆ. ಹಗಲೆಲ್ಲ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸುತ್ತಿ, ಸಂಜೆ ನಡುಗುತ್ತಾ ನಮ್ಮ ಹಾಲ್‌ಗೆ ಬಂದು ಕೂರುತ್ತಾರೆ. ಈ ಸಲ ಹಾಸನದಿಂದ ಅಕ್ಕ, ಭಾವ, ಜೊತೆಗೆ ಭಾವನ ಇಬ್ಬರು ಸ್ನೇಹಿತರು. 'ಯಾವಾಗ್ಲೂ ಅದೇ ನೈಂಟಿ, ಅದೇ ಸೋಡಾ. ಏನಾದ್ರೂ ಹೊಸದು ಮಾಡಯ್ಯಾ' ಅಂತ ಫೋನಿನಲ್ಲಿ ಹೇಳಿದ್ದು ಭಾವನೇ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಓಲ್ಡ್ ಫ್ಯಾಷನ್ಡ್ ಅನ್ನೋ ಕಾಕ್‌ಟೇಲ್ ಮಾಡೋಣ ಅಂದುಕೊಂಡೆ. ವಿಸ್ಕಿ 60 ಎಂಎಲ್, ಒಂದು ಸಕ್ಕರೆ ಅಚ್ಚು, ಎರಡು ಸಲ ಕೊಡವಿದಷ್ಟು ಬಿಟರ್ಸ್ ಅನ್ನೋ ಗಿಡಮೂಲಿಕೆಯ ಕಹಿ ಸಾರ, ಐಸ್, ಮೇಲೊಂದು ಕಿತ್ತಳೆ ಸಿಪ್ಪೆ. ಅಷ್ಟೇ. ಅಮೆರಿಕದವರು ಇದಕ್ಕೆ ಬರ್ಬನ್ ಹಾಕುತ್ತಾರೆ. ಬರ್ಬನ್ ಅಂದರೆ ಶೇ. 51ರಷ್ಟಾದರೂ ಮೆಕ್ಕೆಜೋಳ ಇರಲೇಬೇಕು. ನಮ್ಮ ಅಗ್ಗದ ವಿಸ್ಕಿಗಳಲ್ಲಿ ಬಹಳಷ್ಟು ಕಾಕಂಬಿ ಸ್ಪಿರಿಟ್‌ನವು. ಭಾವ ಬರುತ್ತಾರೆ ಅಂತ ಕೈ ಬಿಗಿ ಹಿಡಿಯದೆ ಬರ್ಬನ್ನನ್ನೇ ತಂದೆ.

ಬಿಟರ್ಸ್ ಬೆಂಗಳೂರಿನಿಂದ ತರಿಸಿದ್ದು, ಅಂಗೊಸ್ಟುರಾ. ಅದರ ಲೇಬಲ್ ಬಾಟಲಿಗಿಂತ ದೊಡ್ಡದು. ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ನಿಂತಿರುತ್ತದೆ. ಅಮ್ಮ ಮೂಸಿ ನೋಡಿ, 'ಕಷಾಯ ಅಲ್ವೇನೋ ಇದು?' ಅಂದರು. 1824ರಲ್ಲಿ ವೆನೆಜುವೆಲಾದಲ್ಲಿದ್ದ ಜರ್ಮನ್ ಡಾಕ್ಟರೊಬ್ಬರು ಹೊಟ್ಟೆಗೆ ಔಷಧಿ ಅಂತ ಮಾಡಿದ್ದು ಎಂದೆ. 'ಹಾಗಾದ್ರೆ ನನ್ನ ಮಜ್ಜಿಗೆಗೂ ಎರಡು ಹನಿ ಬಿಡು.' ಶೇ. 44.7 ಆಲ್ಕೋಹಾಲ್ ಅಂತ ಬರೆದಿದ್ದ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಬಿಟ್ಟೆ.

ಕಿತ್ತಳೆ ಇನ್ನೊಂದು ಗೋಳು. ವಿಡಿಯೋಗಳಲ್ಲಿ ಪೀಲರ್ ಎಳೆದರೆ ಉದ್ದನೆಯ ಪಟ್ಟಿ ಬರುತ್ತದೆ. ಅದು ಸಿಪ್ಪೆ ಬಿಗಿಯಾಗಿ ಅಂಟಿಕೊಂಡಿರುವ ಹಣ್ಣು. ನಮ್ಮ ಕಾಫಿ ತೋಟದ ಕಿತ್ತಳೆಗೆ ಸಿಪ್ಪೆ ಸಡಿಲ. ಪೀಲರ್ ಇಟ್ಟ ಕಡೆ ಕುಸಿದು ತೊಳೆಯೇ ಹೊರಗೆ ಬಂತು. ಕೊನೆಗೆ ಉಗುರಿನಿಂದ ಬಿಡಿಸಿ ಕತ್ತರಿಯಲ್ಲಿ ಕತ್ತರಿಸಿದೆ. ತೊಳೆಗಳನ್ನೆಲ್ಲ ಮಕ್ಕಳು ಮುಗಿಸಿದರು.

ಗ್ಲಾಸಿನಲ್ಲಿ ಚಮಚ ತಿರುಗಿಸುತ್ತಾ ಸ್ವಲ್ಪ ಉಪನ್ಯಾಸ ಬೇರೆ ಕೊಟ್ಟೆ. ಕಾಕ್‌ಟೇಲ್ ಅಂದರೆ ಏನು ಅಂತ 1806ರಲ್ಲೇ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು ಬರೆದಿತ್ತು: ಯಾವುದಾದರೂ ಮದ್ಯ, ಸಕ್ಕರೆ, ನೀರು, ಬಿಟರ್ಸ್. ಭಾವ ತಲೆಯಾಡಿಸುತ್ತಾ ಕೇಳಿದರು. ಪಾಪ, ಎಷ್ಟು ಆಸಕ್ತಿ ಅಂದುಕೊಂಡೆ.

ಗ್ಲಾಸು ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು. 'ಇಷ್ಟೇನಾ?' ಆಮೇಲೆ ಚಮಚ ತಗೊಂಡು, ನಾನು ಹಿಂದಿನ ರಾತ್ರಿಯಿಂದ ಸ್ಟೀಲ್ ಬಟ್ಟಲಲ್ಲಿ ಗಟ್ಟಿ ಮಾಡಿದ್ದ ಆ ದೊಡ್ಡ ಐಸ್ ಗಡ್ಡೆಯನ್ನು ಎತ್ತಿ ಖಾರದ ಕಡಲೆಬೀಜದ ತಟ್ಟೆಯಲ್ಲಿಟ್ಟರು. 'ಈ ಚಳೀಲಿ ಐಸಾ? ಗಂಟಲು ಕಟ್ಟುತ್ತೆ.' ಕಿತ್ತಳೆ ಸಿಪ್ಪೆಯನ್ನು ಅಗಿದು ನೋಡಿ ಮುಖ ಸಿಂಡರಿಸಿದರು. ಆಮೇಲೆ ಬಂತು: 'ಸೋಡಾ?'

ಬೇಕಂತಲೇ ತಂದಿರಲಿಲ್ಲ. ಹಾಗೇ ಹೇಳಿದೆ. ಭಾವ ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಕಾರಿನ ಡಿಕ್ಕಿ ತೆಗೆದ ಸದ್ದಾಯಿತು. ಕಂಕುಳಲ್ಲಿ ಎರಡು, ಕೈಯಲ್ಲಿ ಎರಡು ಬಾಟಲಿ ಹಿಡಿದು ವಾಪಸ್ ಬಂದರು. ಹಾಸನದಿಂದಲೇ ತಂದಿದ್ದಾರೆ! ಹೊಸದು ಮಾಡು ಅಂತ ಫೋನ್ ಮಾಡಿದ ಮನುಷ್ಯ ಹಳೆಯದನ್ನು ಡಿಕ್ಕಿಯಲ್ಲಿಟ್ಟುಕೊಂಡೇ ಹೊರಟಿದ್ದಾನೆ ಅಂದರೆ ಏನು ಹೇಳೋಣ?

'ಭಾವ, ಅದಕ್ಕೆ ಸೋಡಾ ಹಾಕಬಾರದು' ಎಂದೆ.

'ನೀನೇ ಹೇಳಿದ್ಯಲ್ಲಯ್ಯಾ, ಮದ್ಯ, ಸಕ್ಕರೆ, ನೀರು ಅಂತ? ಪೇಪರ್‌ನಲ್ಲೇ ಬಂದಿತ್ತಂತೆ?' ಅನ್ನುತ್ತಾ ಕಂಠಮಟ್ಟ ಸುರಿದುಕೊಂಡರು. ಸ್ನೇಹಿತರಿಬ್ಬರೂ ಪೇಪರಿನವರ ಕಡೆಗೇ ಸೇರಿದರು. ಅಕ್ಕ ಒಳಗೆ ಕಡುಬು ಬಡಿಸುತ್ತಾ ನಗುತ್ತಿದ್ದಳು.

ನಮ್ಮ ದೊಡ್ಡಪ್ಪನ ಮನೆಯಲ್ಲಿ ಈ ರಗಳೆಯೇ ಇರಲಿಲ್ಲ. ಚಳಿಗಾಲದಲ್ಲಿ ನೆಂಟರು ಬಂದರೆ ಸ್ಟೀಲ್ ಲೋಟದಲ್ಲಿ ಮಿಲಿಟರಿ ರಮ್, ಹಂಡೆಯಿಂದ ಬಿಸಿನೀರು, ಒಂದು ಚೂರು ಬೆಲ್ಲ, ತೋಟದ್ದೇ ಕಾಳುಮೆಣಸು ಜಜ್ಜಿ ಚಿಟಿಕೆಯಷ್ಟು. ಯಾರೂ ಏನೂ ಕೇಳುತ್ತಿರಲಿಲ್ಲ, ಅವರೂ ಏನೂ ವಿವರಿಸುತ್ತಿರಲಿಲ್ಲ. ಮಕ್ಕಳಾಗಿದ್ದ ನಮಗೆ ಆ ವಾಸನೆಗೇ ನಿದ್ದೆ ಬರುತ್ತಿತ್ತು. ಈಗ ಆ ಮನೆಯನ್ನೂ ಹೋಂಸ್ಟೇ ಮಾಡಿದ್ದಾರೆ.

ಇವತ್ತು ಬೆಳಿಗ್ಗೆ ಅಕ್ಕನ ಫೋನ್. ಭಾಮೈದ ಒಂದು ಹೊಸ ಡ್ರಿಂಕ್ ಮಾಡ್ತಾನೆ, ಸೂಪರ್ ಆಗಿರುತ್ತೆ, ಸೋಡಾ ಮಾತ್ರ ನಾವೇ ತಗೊಂಡು ಹೋಗ್ಬೇಕು ಅಂತ ಭಾವ ಹಾಸನದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಸಂಕ್ರಾಂತಿಗೆ ಇನ್ನೂ ಜಾಸ್ತಿ ಜನ ಬರುತ್ತಾರಂತೆ. ಬಿಟರ್ಸ್ ಎಷ್ಟು ಉಳಿದಿದೆ ಅಂತ ಬಾಟಲಿ ಅಲ್ಲಾಡಿಸಿ ನೋಡಿದೆ. ಅರ್ಧಕ್ಕರ್ಧ ಖಾಲಿ. ಅಮ್ಮನನ್ನು ಕೇಳಬೇಕು.